ಬಯಲುಸೀಮೆಯ ದೇಶಿ ಹುಲ್ಲುಗಳು: ಮೇವು, ವನ್ಯಜೀವಿ ಮತ್ತು ಬೀಜದ ವ್ಯಾಪಾರ

ರಾಜ್ಯದ ಬಯಲುಸೀಮೆಯ ಜಿಲ್ಲೆಗಳಲ್ಲಿ ಫೆಬ್ರವರಿ ಕಳೆಯುತ್ತಿದ್ದಂತೆ ಮೇವಿನ ಬೆಲೆ ಏರತೊಡಗುವುದು ವ್ಯಾಪಾರಸ್ಥರಿಗೆ ಹೊಸ ಸಂಗತಿಯೇನಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಂತೂ ರಾಗಿ ಹುಲ್ಲು ಮತ್ತು ಜೋಳದ ಸೊಪ್ಪೆಯ ಲಾರಿಗಳು ಜಿಲ್ಲೆಯ ಗಡಿ ದಾಟುವುದು, ಆಡಳಿತವು ಸಾಗಾಟಕ್ಕೆ ನಿರ್ಬಂಧ ಹೇರುವುದು, ಗೋಶಾಲೆಗಳು ತೆರೆಯುವುದು ವಾಡಿಕೆಯಾಗಿದೆ. ಝಾನ್ಸಿಯಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯು 2013ರಲ್ಲಿ ಪ್ರಕಟಿಸಿದ ಮುನ್ನೋಟದಲ್ಲಿ ದೇಶದ ಹಸಿ ಮೇವಿನ ಕೊರತೆಯನ್ನು ಶೇ. 35.6 ಎಂದೂ ಒಣ ಮೇವಿನ ಕೊರತೆಯನ್ನು ಶೇ. 10.95 ಎಂದೂ ಅಂದಾಜಿಸಿತ್ತು.

ಈ ಕೊರತೆಯನ್ನು ನೀಗಿಸುವ ಮಾರ್ಗವಾಗಿ ನೀರಾವರಿಯ ನೇಪಿಯರ್ ಹುಲ್ಲು, ಮೆಕ್ಕೆಜೋಳದ ರಸಮೇವು ಮುಂತಾದವುಗಳಿಗೆ ಸಾಕಷ್ಟು ಪ್ರಚಾರ ದೊರೆತಿದೆ. ಕೊಳವೆಬಾವಿಯಿಲ್ಲದ ಒಣಭೂಮಿಯಲ್ಲಿ ಕೇವಲ ಮುಂಗಾರಿನ ಮಳೆಯನ್ನು ನಂಬಿ ಬೆಳೆಯುವ ದೇಶಿ ಹುಲ್ಲುಗಳಿಗೆ ಅಷ್ಟು ಗಮನ ಸಂದಿಲ್ಲ. ಒಮ್ಮೆ ನೆಲೆಯೂರಿದರೆ ಹಲವು ವರ್ಷ ಮರುಬಿತ್ತನೆಯಿಲ್ಲದೆ ಮೇವು ಕೊಡುವ, ಜೊತೆಗೆ ಬಯಲಿನ ಪ್ರಾಣಿಪಕ್ಷಿಗಳಿಗೂ ಆಸರೆಯಾಗುವ ಈ ಹುಲ್ಲುಗಳ ವಿಸ್ತರಣೆಗೆ ಇರುವ ಬಹುದೊಡ್ಡ ಅಡಚಣೆಯೆಂದರೆ ನಂಬಿಕಾರ್ಹ ಬಿತ್ತನೆ ಬೀಜದ ಅಭಾವ. ಇದು ವ್ಯಾಪಾರಸ್ಥರೂ ಸಣ್ಣ ಯಂತ್ರ ತಯಾರಕರೂ ಮನಸ್ಸು ಮಾಡಿದರೆ ನಿವಾರಿಸಬಹುದಾದ ಅಡಚಣೆ. ಆ ದೃಷ್ಟಿಯಿಂದ ಈ ವಿಷಯದ ವಿವಿಧ ಮಗ್ಗುಲುಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಬಿಸಿಲಿನ ಕಾಲದ ಹುಲ್ಲುಗಳ ಸ್ವಭಾವ

ಹುಲ್ಲುಗಳಲ್ಲಿ ಸ್ಥೂಲವಾಗಿ ಎರಡು ವರ್ಗಗಳುಂಟು. ಭತ್ತ, ಗೋಧಿಗಳ ವರ್ಗಕ್ಕೆ ಸೇರಿದವು ತಂಪು ಅಥವಾ ಹೇರಳ ನೀರನ್ನು ಬಯಸುತ್ತವೆ. ರಾಗಿ, ಜೋಳ, ಸಜ್ಜೆ, ಕಬ್ಬುಗಳ ವರ್ಗಕ್ಕೆ ಸೇರಿದವು ಬಿಸಿಲು ಹೆಚ್ಚಿದಷ್ಟೂ ಚುರುಕಾಗಿ ಆಹಾರ ತಯಾರಿಸಿಕೊಳ್ಳುವ ಅಂಗರಚನೆಯನ್ನು ಹೊಂದಿವೆ. ಇವುಗಳನ್ನು ಸಸ್ಯಶಾಸ್ತ್ರಜ್ಞರು ಸಿ-4 ಸಸ್ಯಗಳೆಂದು ಕರೆಯುತ್ತಾರೆ. ಒಂದು ಕಿಲೊ ಒಣ ಮೇವನ್ನು ಉತ್ಪಾದಿಸಲು ಇವುಗಳಿಗೆ ಬೇಕಾಗುವ ನೀರು ಮೊದಲ ವರ್ಗಕ್ಕಿಂತ ಬಹಳ ಕಡಿಮೆ. ದಖ್ಖನ್ ಪ್ರಸ್ಥಭೂಮಿಯ ದೇಶಿ ಹುಲ್ಲುಗಳಲ್ಲಿ ಬಹುಪಾಲು ಈ ಎರಡನೆಯ ವರ್ಗದವು.

ದೇಶದ ಹುಲ್ಲುಗಾವಲುಗಳನ್ನು ಸಮೀಕ್ಷಿಸಿ ದಬಡ್ಘಾವ್ ಮತ್ತು ಶಂಕರನಾರಾಯಣ್ ಎಂಬ ವಿಜ್ಞಾನಿಗಳು ರಚಿಸಿದ ಗ್ರಂಥವು 1973ರಲ್ಲಿ ಪ್ರಕಟವಾಯಿತು. ಅದರಲ್ಲಿ ಭಾರತದ ಹುಲ್ಲುಹೊದಿಕೆಯನ್ನು ಐದು ಬಗೆಗಳಾಗಿ ವಿಂಗಡಿಸಲಾಗಿದ್ದು, ಪರ್ಯಾಯ ದ್ವೀಪದ ಬಹುಭಾಗವು ಸೆಹಿಮಾ–ಡೈಕ್ಯಾಂಥಿಯಂ ಎಂಬ ಬಗೆಗೆ ಸೇರುತ್ತದೆ. ವಾಣಿಜ್ಯ ದೃಷ್ಟಿಯಿಂದ ಗಮನಿಸಬೇಕಾದ ಹುಲ್ಲುಗಳು ಹೀಗಿವೆ:

ಅಂಜನ್ ಹುಲ್ಲು: ನೀರು ಬಸಿದುಹೋಗುವ ಕೆಂಪು ಮತ್ತು ಮರಳುಮಿಶ್ರಿತ ಮಣ್ಣಿಗೆ ಹೊಂದುತ್ತದೆ. ಬರವನ್ನು ಚೆನ್ನಾಗಿ ತಡೆಯುತ್ತದೆ, ದನಕುರಿಗಳು ಇಷ್ಟಪಟ್ಟು ತಿನ್ನುತ್ತವೆ. ಝಾನ್ಸಿ ಸಂಸ್ಥೆಯ ಬುಂದೇಲ್ ಅಂಜನ್ ಮತ್ತು ಜೋಧಪುರದ ಕೇಂದ್ರೀಯ ಒಣವಲಯ ಸಂಶೋಧನಾ ಸಂಸ್ಥೆಯ ಮಾರವಾಡ ಅಂಜನ್ ಇದರ ಹೆಸರಾಂತ ತಳಿಗಳು.

ಮಾರ್ವೆಲ್ ಹುಲ್ಲು: ಕಪ್ಪು ಎರೆಭೂಮಿಗೂ ಹೊಂದಿಕೊಳ್ಳುವ, ಬದುಗಳ ಮೇಲೆ ಚೆನ್ನಾಗಿ ಹಬ್ಬುವ ಹುಲ್ಲು. ಕೊಯ್ಲು ಮತ್ತು ಮೇಯಿಸುವಿಕೆ ಎರಡನ್ನೂ ಸಹಿಸುತ್ತದೆ.

ಸೆಹಿಮಾ ಮತ್ತು ಕ್ರೈಸೊಪೋಗನ್: ಕಲ್ಲುಮಿಶ್ರಿತ ತೆಳು ಮಣ್ಣಿನ ಗುಡ್ಡಗಳಿಗೆ ಯೋಗ್ಯವಾದವು. ಒಣಗಿಸಿ ಬಣವೆ ಹಾಕಲು ಉತ್ತಮ.

ಈಟಿ ಹುಲ್ಲು: ಎಳೆಯದಾಗಿದ್ದಾಗ ಮಾತ್ರ ಮೇವು. ಬಲಿತ ಮೇಲೆ ಇದರ ಚೂಪಾದ ಬೀಜ ಕುರಿಯ ಉಣ್ಣೆಯನ್ನೂ ಚರ್ಮವನ್ನೂ ಹೊಕ್ಕು ಹಾನಿ ಮಾಡುತ್ತದೆ. ಉಣ್ಣೆ ಮತ್ತು ಚರ್ಮದ ವ್ಯಾಪಾರಿಗಳಿಗೆ ಇದರ ಪರಿಚಯ ಬೇರೆ ರೀತಿಯಲ್ಲಿಯೇ ಇರುತ್ತದೆ. ಅತಿಯಾಗಿ ಮೇಯಿಸಿದ ಮತ್ತು ಪದೇಪದೇ ಬೆಂಕಿ ಬಿದ್ದ ಜಾಗಗಳಲ್ಲಿ ಈಟಿ ಹುಲ್ಲು ಹೆಚ್ಚಿ, ಉತ್ತಮ ಜಾತಿಗಳು ಹಿಂದೆ ಸರಿಯುತ್ತವೆ.

ಕಾವಲುಗಳು ಕಲಿಸುವ ಪಾಠ

ಹುಲ್ಲನ್ನು ಸಂಪತ್ತೆಂದು ಬಗೆದು ವ್ಯವಸ್ಥಿತವಾಗಿ ನಿರ್ವಹಿಸಿದ ಪರಂಪರೆ ಮೈಸೂರು ಸಂಸ್ಥಾನಕ್ಕೆ ಇದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಹೆಸರಿನಲ್ಲಿ ಆರಂಭವಾದ ರಾಸುಗಳ ಇಲಾಖೆ ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತ್ ಮಹಲ್ ಎಂಬ ಹೆಸರು ಪಡೆಯಿತು. ಹಾಸನ, ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಸೀಮೆಗಳಲ್ಲಿ ಹರಡಿಕೊಂಡಿದ್ದ ಅದರ ಕಾವಲುಗಳನ್ನು ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ, ಹಿಂಡುಗಳನ್ನು ಋತುವಿಗೆ ತಕ್ಕಂತೆ ಒಂದರಿಂದ ಮತ್ತೊಂದಕ್ಕೆ ನಡೆಸಲಾಗುತ್ತಿತ್ತು. ಒಂದು ಕಾವಲಿನಲ್ಲಿ ದನ ಮೇಯುತ್ತಿರುವಾಗ ಉಳಿದವು ವಿಶ್ರಾಂತಿ ಪಡೆದು ಬೀಜ ಉದುರಿಸಿಕೊಳ್ಳುತ್ತಿದ್ದವು. ಇಂದು ಮೇವುತಜ್ಞರು ಸರದಿ ಮೇಯಿಸುವಿಕೆಯೆಂದು ಬೋಧಿಸುತ್ತಿರುವುದರ ತಿರುಳು ಇದೇ.

ಕಾಲಾನಂತರದಲ್ಲಿ ಈ ಕಾವಲುಗಳ ವಿಸ್ತೀರ್ಣ ಬಹಳವಾಗಿ ಕುಗ್ಗಿತು. ಸಾಗುವಳಿ, ನೀಲಗಿರಿ ನೆಡುತೋಪು, ವಸತಿ ಮತ್ತು ಸಾರ್ವಜನಿಕ ಉದ್ದೇಶಗಳಿಗೆ ಅವು ಹಂಚಿಹೋದವು. 2010ರ ಆಸುಪಾಸಿನಲ್ಲಿ ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ಸಾವಿರಾರು ಎಕರೆಯನ್ನು ರಕ್ಷಣಾ, ಅಣುಶಕ್ತಿ ಮತ್ತು ವಿಜ್ಞಾನ ಸಂಸ್ಥೆಗಳಿಗೆ ನೀಡಿದ್ದು, ಅದರ ಕುರಿತು ಹಸಿರು ನ್ಯಾಯಮಂಡಳಿಯಲ್ಲಿ ವ್ಯಾಜ್ಯ ನಡೆದದ್ದು ಸರ್ವವಿದಿತ. ಗ್ರಾಮಗಳ ಗೋಮಾಳಗಳ ಸ್ಥಿತಿಯೂ ಇದಕ್ಕಿಂತ ಉತ್ತಮವಾಗಿಲ್ಲ. 1966ರ ಕರ್ನಾಟಕ ಭೂಕಂದಾಯ ನಿಯಮಗಳು ನೂರು ರಾಸುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳವನ್ನು ಕಾಯ್ದಿರಿಸಬೇಕೆಂದು ಹೇಳಿದರೂ, ಉಳಿದಿರುವ ಅನೇಕ ಗೋಮಾಳಗಳಲ್ಲಿ ಹುಲ್ಲಿಗಿಂತ ಬಳ್ಳಾರಿ ಜಾಲಿ, ಲಂಟಾನ ಹಾಗೂ ಪಾರ್ಥೇನಿಯಂ ಕಳೆಯೇ ಹೆಚ್ಚಾಗಿ ಕಾಣುತ್ತದೆ.

ಈ ನಷ್ಟಕ್ಕೆ ಒಂದು ಮುಖ್ಯ ಕಾರಣವೆಂದರೆ ದಾಖಲೆಗಳಲ್ಲಿ ಹುಲ್ಲುಗಾವಲು ಪಾಳುಭೂಮಿಯೆಂದು ನಮೂದಾಗುವುದು. ವರಮಾನವಿಲ್ಲದ ಜಮೀನೆಂಬ ಹಣೆಪಟ್ಟಿ ಹೊತ್ತ ಭೂಮಿಯನ್ನು ಬೇರೆ ಉಪಯೋಗಕ್ಕೆ ತಿರುಗಿಸಲು ಯಾರಿಗೂ ಸಂಕೋಚವಾಗುವುದಿಲ್ಲ. ಮೇವು ಮತ್ತು ಬೀಜದಿಂದ ಲೆಕ್ಕಕ್ಕೆ ಸಿಗುವ ವರಮಾನ ಬಂದರೆ ಮಾತ್ರ ಈ ಹಣೆಪಟ್ಟಿ ಕಳಚೀತು.

ನೆರೆನಾಡಿನ ಒಂದು ಮಾದರಿ

ಖಾಸಗಿ ಒಡೆತನದ ಒಣಭೂಮಿಯಲ್ಲಿ ದೇಶಿ ಹುಲ್ಲು ಲಾಭದಾಯಕವಾಗಿ ಉಳಿದಿರುವುದಕ್ಕೆ ತಮಿಳುನಾಡಿನ ಕೊರಂಗಾಡು ಪದ್ಧತಿಯು ಉತ್ತಮ ನಿದರ್ಶನ. ತಿರುಪ್ಪೂರು, ಈರೋಡ್, ಕರೂರು ಜಿಲ್ಲೆಗಳ ರೈತರು ತಲೆತಲಾಂತರದಿಂದ ತಮ್ಮ ಒಣಭೂಮಿಯ ಒಂದು ಭಾಗವನ್ನು ಅಂಜನ್ ಹುಲ್ಲಿಗೆ ಮೀಸಲಿಟ್ಟಿದ್ದಾರೆ. ಅಲ್ಲಿ ಅದನ್ನು ಕೊಳುಕ್ಕಟ್ಟೈ ಎನ್ನುತ್ತಾರೆ. ಹುಲ್ಲಿನ ನಡುನಡುವೆ ಬಿಳಿಜಾಲಿ ಮರಗಳು ನೆರಳನ್ನೂ ದನಗಳಿಗೆ ಕಾಯಿಯನ್ನೂ ಒದಗಿಸುತ್ತವೆ. ಸುತ್ತಲೂ ಮುಳ್ಳುಕಿಳುವೆ ಗಿಡದ ಜೀವಂತ ಬೇಲಿಯಿರುತ್ತದೆ. ಹೊಲವನ್ನು ಇಂತಹ ಬೇಲಿಗಳಿಂದ ಪಾಲುಗಳಾಗಿ ವಿಂಗಡಿಸಿ ಕಾಂಗೇಯಂ ತಳಿಯ ದನ, ಎಮ್ಮೆ ಹಾಗೂ ಕುರಿಗಳನ್ನು ಸರದಿಯ ಮೇಲೆ ಮೇಯಿಸುತ್ತಾರೆ. ಜಾನುವಾರು ಇಲ್ಲದ ಮಾಲೀಕರು ಮೇಯಿಸುವ ಹಕ್ಕನ್ನು ಗುತ್ತಿಗೆಗೆ ಕೊಡುವುದೂ ಉಂಟು. ಬೇಲಿ, ಸರದಿ ಮತ್ತು ಗುತ್ತಿಗೆ ಎಂಬ ಮೂರೂ ಸೇರಿದ್ದರಿಂದ ಅಲ್ಲಿ ಹುಲ್ಲಿಗೊಂದು ಬೆಲೆ ನಿಂತಿದೆ. ಗಡಿಯಾಚೆಗಿನ ಹವೆ ಮತ್ತು ಮಣ್ಣು ರಾಜ್ಯದ ದಕ್ಷಿಣದ ಒಣ ತಾಲ್ಲೂಕುಗಳಿಗಿಂತ ಬಹಳ ಭಿನ್ನವೇನಲ್ಲ.

ಬೆಳೆಸುವ ಕ್ರಮ

ದೇಶಿ ಹುಲ್ಲಿನ ಬೀಜ ಬಹಳ ಚಿಕ್ಕದು. ಆದಕಾರಣ ಬಿತ್ತುವ ಆಳವು ಒಂದು ಸೆಂಟಿಮೀಟರಿಗಿಂತ ಹೆಚ್ಚಾಗಬಾರದು. ಆಳಕ್ಕೆ ಬಿದ್ದ ಬೀಜ ಮೊಳೆತರೂ ಮೇಲೆ ಬರಲಾರದು. ಮುಂಗಾರು ಕಚ್ಚಿಕೊಂಡ ಮೇಲೆ, ಜೂನ್ ಕೊನೆಯಿಂದ ಜುಲೈ ನಡುಭಾಗದೊಳಗೆ, ಹದವಾದ ನೆಲದಲ್ಲಿ 50ರಿಂದ 75 ಸೆಂಟಿಮೀಟರ್ ಅಂತರದ ಸಾಲುಗಳಲ್ಲಿ ಬಿತ್ತುವುದು ರೂಢಿ. ಅಂಜನ್ ಹುಲ್ಲಿಗೆ ಎಕರೆಗೆ ಸುಮಾರು 2 ಕಿಲೊ ಉತ್ತಮ ಬೀಜ ಸಾಕು. ಬೀಜದ ಮೇಲೆ ಭರವಸೆ ಇಲ್ಲದಿದ್ದಲ್ಲಿ ಸಸಿಮಡಿಯಲ್ಲಿ ಬೆಳೆಸಿದ ಸಸಿಗಳನ್ನು ಅಥವಾ ಹಳೆಯ ಬುಡದಿಂದ ಬೇರುಸಹಿತ ಬಿಡಿಸಿದ ತೆಂಡೆಗಳನ್ನು ಮಳೆಯಲ್ಲಿ ನಾಟಿ ಮಾಡಬಹುದು. ಕೂಲಿ ಹೆಚ್ಚಾದರೂ ಇದು ಖಚಿತವಾದ ವಿಧಾನ.

ಮೊದಲ ವರ್ಷ ಹುಲ್ಲು ತನ್ನ ಶಕ್ತಿಯನ್ನು ಬಹುಮಟ್ಟಿಗೆ ಬೇರಿಗೆ ವ್ಯಯಿಸುತ್ತದೆ. ಮೇಲ್ನೋಟಕ್ಕೆ ಕಳೆಯೇ ಹೆಚ್ಚಾಗಿ ಕಾಣಿಸುವುದರಿಂದ ಅನೇಕರು ಬಿತ್ತನೆ ವಿಫಲವಾಯಿತೆಂದು ಭಾವಿಸಿ ಹೊಲವನ್ನು ಮತ್ತೆ ಉಳುತ್ತಾರೆ. ಇದು ಅವಸರದ ನಿರ್ಧಾರ. ಆ ವರ್ಷ ಒಂದೆರಡು ಬಾರಿ ಕಳೆ ತೆಗೆಸಿ, ಜಾನುವಾರುಗಳನ್ನು ಸಂಪೂರ್ಣವಾಗಿ ದೂರವಿರಿಸಿ, ಬೀಜ ಉದುರಿದ ನಂತರ ಒಂದು ಕೊಯ್ಲು ಮಾತ್ರ ತೆಗೆಯಬೇಕು. ಎರಡನೆಯ ವರ್ಷದಿಂದ ಇಳುವರಿ ಆರಂಭವಾಗುತ್ತದೆ. ಕೊಯ್ಯುವಾಗ ನೆಲಮಟ್ಟಕ್ಕೆ ಕತ್ತರಿಸದೆ 10ರಿಂದ 15 ಸೆಂಟಿಮೀಟರ್ ಕೂಳೆ ಉಳಿಸುವುದು ಅತ್ಯಗತ್ಯ. ಮರುಚಿಗುರಿಗೆ ಬೇಕಾದ ಸಂಗ್ರಹ ಇರುವುದು ಆ ಬುಡದಲ್ಲಿಯೇ.

ಸಾಲುಗಳ ನಡುವೆ ಸ್ಟೈಲೋದಂತಹ ದ್ವಿದಳ ಮೇವನ್ನು ಬೆಳೆಸಿದರೆ ಮೇವಿನ ಸಸಾರಜನಕ ಹೆಚ್ಚುತ್ತದೆ, ಮಣ್ಣಿಗೂ ಸಾರಜನಕ ಸೇರುತ್ತದೆ. ಸ್ಟೈಲೋ ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಸಸ್ಯವೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಸಾಗುವಳಿ ಜಮೀನಿಗೆ ಸೀಮಿತಗೊಳಿಸುವುದು ಲೇಸು.

ಕೊಯ್ಲಿನ ಕಾಲ ಮತ್ತು ಮೇವಿನ ಬೆಲೆ

ಹುಲ್ಲನ್ನು ಹೊರೆಯ ಅಥವಾ ಲಾರಿಯ ಲೆಕ್ಕದಲ್ಲಿ ಕೊಳ್ಳುವ ಪದ್ಧತಿಯಲ್ಲಿ ಅದರ ಒಳಗುಣಕ್ಕೆ ಬೆಲೆಯೇ ಇಲ್ಲದಂತಾಗಿದೆ. ಹೂ ಬಿಡುವ ಹಂತದಲ್ಲಿ, ಅಂದರೆ ಸಾಮಾನ್ಯವಾಗಿ ಸೆಪ್ಟೆಂಬರ್–ಅಕ್ಟೋಬರ್ ಅವಧಿಯಲ್ಲಿ, ಕೊಯ್ದು ನೆರಳುಬಿಸಿಲಿನಲ್ಲಿ ಒಣಗಿಸಿದ ದೇಶಿ ಹುಲ್ಲಿನಲ್ಲಿ ಸುಮಾರು ಶೇ. 7ರಷ್ಟು ಸಸಾರಜನಕವಿರುತ್ತದೆ. ಅದೇ ಹುಲ್ಲು ಜನವರಿಯವರೆಗೆ ಹೊಲದಲ್ಲಿಯೇ ಒಣಗಿ ನಿಂತರೆ ಅದು ಶೇ. 3ರ ಆಸುಪಾಸಿಗೆ ಇಳಿಯುತ್ತದೆ. ಮೇವಿನಲ್ಲಿ ಸಸಾರಜನಕ ಶೇ. 6–7ಕ್ಕಿಂತ ಕೆಳಗಿಳಿದರೆ ದನದ ಹೊಟ್ಟೆಯೊಳಗಿನ ಸೂಕ್ಷ್ಮಾಣುಗಳು ನಾರನ್ನು ಸರಿಯಾಗಿ ಅರಗಿಸಲಾರವು. ದನದ ಮುಂದೆ ಮೇವು ಇದ್ದರೂ ಅದು ಸೊರಗುತ್ತದೆ.

ಇದನ್ನು ಹಣದ ಭಾಷೆಗೆ ತಿರುಗಿಸಿ ನೋಡಬಹುದು. ಒಂದು ಟನ್ ಸಕಾಲದ ಹುಲ್ಲಿನಲ್ಲಿ 70 ಕಿಲೊ ಸಸಾರಜನಕವಿದ್ದರೆ, ತಡವಾಗಿ ಕೊಯ್ದ ಒಂದು ಟನ್‌ನಲ್ಲಿ 30 ಕಿಲೊ ಮಾತ್ರ. ವ್ಯತ್ಯಾಸದ 40 ಕಿಲೊ ಸಸಾರಜನಕವನ್ನು ಶೇ. 40ರ ಹಿಂಡಿಯಿಂದ ತುಂಬಿಸಬೇಕಾದರೆ 100 ಕಿಲೊ ಹಿಂಡಿ ಬೇಕು. ಎರಡು ಬಗೆಯ ಹುಲ್ಲಿನ ಬೆಲೆಯಲ್ಲಿ ಒಂದು ಕ್ವಿಂಟಾಲ್ ಹಿಂಡಿಯ ಬೆಲೆಯಷ್ಟು ಅಂತರವಿರುವುದು ನ್ಯಾಯವೆಂದಾಯಿತು. ಹಾಲು ಉತ್ಪಾದಕರಿಗೆ ಮೇವು ಮಾರುವ ವ್ಯಾಪಾರಿಗಳು ಕೊಯ್ಲಿನ ತಿಂಗಳನ್ನು ಪೆಂಡಿಯ ಮೇಲೆ ನಮೂದಿಸಿ, ಅದಕ್ಕನುಗುಣವಾಗಿ ದರ ಕಟ್ಟುವ ಪದ್ಧತಿಯನ್ನು ಆರಂಭಿಸಿದರೆ ಸಕಾಲದಲ್ಲಿ ಕೊಯ್ಯಲು ರೈತನಿಗೆ ಪ್ರೇರಣೆ ದೊರೆಯುತ್ತದೆ.

ಬಯಲಿನ ಜೀವಿಗಳು

ಹುಲ್ಲುಬಯಲೂ ಕಾಡಿನಂತೆಯೇ ಒಂದು ನೆಲೆ. ಕೃಷ್ಣಮೃಗ, ತೋಳ, ನರಿ, ಗೌಜಲಹಕ್ಕಿ, ಬುರ್ಲಿ, ನೆಲಗುಬ್ಬಿ ಇವೆಲ್ಲ ಮರಗಳ ದಟ್ಟಣೆಯಲ್ಲಿ ಬಾಳುವ ಜೀವಿಗಳಲ್ಲ. ರಾಣೆಬೆನ್ನೂರಿನ ಬಳಿ 1974ರಲ್ಲಿ ಸುಮಾರು 119 ಚದರ ಕಿಲೋಮೀಟರ್ ಪ್ರದೇಶವನ್ನು ಕೃಷ್ಣಮೃಗ ಅಭಯಾರಣ್ಯವೆಂದು ಘೋಷಿಸಲಾಯಿತು. ಅದರ ಬಹುಭಾಗದಲ್ಲಿ ನೀಲಗಿರಿ ತೋಪು ಬೆಳೆದುನಿಂತಿದ್ದು, ಒಂದು ಕಾಲಕ್ಕೆ ಅಲ್ಲಿ ಕಾಣುತ್ತಿದ್ದ ಎರೆಭೂತ ಹಕ್ಕಿ ಇಂದು ಕಾಣಸಿಗುವುದಿಲ್ಲ. ಸಾಮಾನ್ಯವಾಗಿ ಒಮ್ಮೆಗೆ ಒಂದೇ ಮೊಟ್ಟೆಯನ್ನು, ಅದೂ ಬರಿ ನೆಲದ ಮೇಲೆ ಇಡುವ ಈ ದೊಡ್ಡ ಹಕ್ಕಿ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಬಯಲಿನಲ್ಲಿ ಬೆರಳೆಣಿಕೆಯ ಸಂಖ್ಯೆಯಲ್ಲಿ ಉಳಿದುಬಂದಿತು. ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಜಯಮಂಗಲಿಯಲ್ಲಿ 2007ರಲ್ಲಿ ರೂಪುಗೊಂಡ 798 ಎಕರೆಯ ಕೃಷ್ಣಮೃಗ ಸಂರಕ್ಷಣಾ ಪ್ರದೇಶ, ಹಾಗೂ ಬೆಂಗಳೂರಿನ ಹೆಸರಘಟ್ಟದ ಹುಲ್ಲುಗಾವಲನ್ನು ಸಂರಕ್ಷಣಾ ಪ್ರದೇಶವಾಗಿಸಲು 2024ರಲ್ಲಿ ರಾಜ್ಯ ಸಚಿವ ಸಂಪುಟ ನೀಡಿದ ಒಪ್ಪಿಗೆ ಈ ದಿಕ್ಕಿನಲ್ಲಿ ಗಮನಾರ್ಹ ಹೆಜ್ಜೆಗಳು.

ಮೇವಿಗಾಗಿ ಬೆಳೆದ ಹೊಲವೂ ಇಂತಹ ಜೀವಿಗಳಿಗೆ ಆಸರೆಯಾಗಬಲ್ಲದು. ಗುಚ್ಛಗಳಾಗಿ ಬೆಳೆಯುವ ದೇಶಿ ಹುಲ್ಲಿನ ನಡುವೆ ತೆರೆದ ನೆಲವಿರುತ್ತದೆ. ಮರಿಹಕ್ಕಿಗಳು ಅಲ್ಲಿ ಓಡಾಡಿ ಹುಳುಹುಪ್ಪಟೆಗಳನ್ನು ಹೆಕ್ಕಬಹುದು, ಗಿಡುಗನ ಕಣ್ಣಿಗೆ ಬೀಳದಂತೆ ಮೇಲಿನ ಎಲೆಗಳು ಮರೆಮಾಡುತ್ತವೆ. ಒತ್ತಾಗಿ ನೆಲ ಮುಚ್ಚುವ ಹುಲ್ಲುಗಳಲ್ಲಿ ಈ ಅನುಕೂಲವಿಲ್ಲ.

ತೊಡಕು ಇರುವುದು ಕೊಯ್ಲಿನಲ್ಲಿ. ಜುಲೈ–ಆಗಸ್ಟ್‌ನಲ್ಲಿ ಇಡೀ ಹೊಲವನ್ನು ಯಂತ್ರದಿಂದ ಒಮ್ಮೆಲೇ ಕೊಯ್ದರೆ ಗೂಡು, ಮೊಟ್ಟೆ, ಮರಿಗಳೆಲ್ಲ ನಾಶವಾಗುತ್ತವೆ. ಇದಕ್ಕೆ ಮೂರು ಪರಿಹಾರಗಳಿವೆ. ಮೊದಲನೆಯದಾಗಿ, ಮುಖ್ಯ ಕೊಯ್ಲನ್ನು ಹೂಬಿಡುವ ಕಾಲಕ್ಕೆ ಇರಿಸಿಕೊಳ್ಳುವುದು. ಅಷ್ಟರಲ್ಲಿ ಮಳೆಗಾಲದ ಬಹುತೇಕ ಗೂಡುಗಳು ಖಾಲಿಯಾಗಿರುತ್ತವೆ. ಎರಡನೆಯದಾಗಿ, ಅಂಚಿನಿಂದ ಒಳಕ್ಕೆ ಕೊಯ್ಯುವ ಬದಲು ನಡುವಿನಿಂದ ಹೊರಕ್ಕೆ ಕೊಯ್ಯುವುದು. ಹೀಗೆ ಮಾಡಿದರೆ ಜೀವಿಗಳಿಗೆ ಓಡಿಹೋಗಲು ದಾರಿ ಸಿಗುತ್ತದೆ. ಮೂರನೆಯದಾಗಿ, ಹೊಲದ ನಾಲ್ಕನೆಯ ಒಂದು ಅಥವಾ ಮೂರನೆಯ ಒಂದು ಭಾಗವನ್ನು ಪಟ್ಟಿಗಳಾಗಿ ಕೊಯ್ಯದೆ ಬಿಡುವುದು.

ಮೂರನೆಯ ಪರಿಹಾರವು ರೈತನಿಗೆ ನಷ್ಟವೆಂದು ತೋರಬಹುದು. ವಾಸ್ತವದಲ್ಲಿ ಬೀಜ ಬಲಿಯುವುದು ಅಕ್ಟೋಬರ್–ನವೆಂಬರ್‌ನಲ್ಲಿ. ಕೊಯ್ಯದೆ ಬಿಟ್ಟ ಪಟ್ಟಿಯೇ ಬೀಜದ ಪಟ್ಟಿಯಾಗುತ್ತದೆ. ಅಲ್ಲಿಂದ ದೊರೆಯುವ ಬೀಜದ ಬೆಲೆ, ಅದೇ ಜಾಗದ ಮೇವಿನ ಬೆಲೆಯನ್ನು ಮೀರಬಹುದು. ಬೀಜಕ್ಕೆ ಮಾರುಕಟ್ಟೆ ಇದ್ದಲ್ಲಿ ವನ್ಯಜೀವಿಗೆ ಬಿಟ್ಟ ಭಾಗವೂ ವರಮಾನ ತರುವ ಭಾಗವಾಗಿರುತ್ತದೆ. ಮಾರುಕಟ್ಟೆ ಇಲ್ಲದಿದ್ದಲ್ಲಿ ಇದು ಕೇವಲ ಉಪದೇಶವಾಗಿ ಉಳಿಯುತ್ತದೆ.

ಬೀಜವನ್ನು ತೂಗುವ ಸರಿಯಾದ ತಕ್ಕಡಿ

ಹುಲ್ಲಿನ ಬೀಜದ ವ್ಯಾಪಾರವು ಧಾನ್ಯದ ವ್ಯಾಪಾರಕ್ಕಿಂತ ಭಿನ್ನ. ಬೀಜವೆಲ್ಲ ಒಂದೇ ದಿನ ಬಲಿಯುವುದಿಲ್ಲ, ಬಲಿತದ್ದು ನಿಲ್ಲದೆ ಉದುರುತ್ತದೆ. ಆದ್ದರಿಂದ ಹಲವು ಬಾರಿ ಕೈಯಿಂದ ಸೆಳೆದು ಸಂಗ್ರಹಿಸಬೇಕಾಗುತ್ತದೆ. ಇಳುವರಿಯು ಕ್ವಿಂಟಾಲುಗಳಲ್ಲಿ ಬಾರದೆ ಕಿಲೊಗಳಲ್ಲಿ ಬರುತ್ತದೆ. ಸಂಗ್ರಹಿಸಿದ ರಾಶಿಯಲ್ಲಿ ಜೊಳ್ಳು, ಕಡ್ಡಿ, ಎಲೆಚೂರು, ಮಣ್ಣು ಎಲ್ಲವೂ ಬೆರೆತಿರುತ್ತವೆ. ತೂಕವೊಂದನ್ನೇ ನೋಡಿ ಕೊಂಡವನು ಬಹುಪಾಲು ಕಸವನ್ನು ಕೊಂಡಿರುತ್ತಾನೆ.

ಇದಕ್ಕೆ ಪರಿಹಾರವಾಗಿ ಅಮೆರಿಕದ ದೇಶಿ ಹುಲ್ಲುಗಳ ವ್ಯಾಪಾರದಲ್ಲಿ ಶುದ್ಧ ಜೀವಂತ ಬೀಜ ಎಂಬ ಮಾನದಂಡ ಬಳಕೆಯಲ್ಲಿದೆ. ಅಲ್ಲಿ 1985ರಲ್ಲಿ ಆರಂಭವಾದ ಭೂಸಂರಕ್ಷಣಾ ಮೀಸಲು ಕಾರ್ಯಕ್ರಮದಡಿ ಸವಕಳಿಗೊಳಗಾದ ಹೊಲಗಳನ್ನು ಹುಲ್ಲಿಗೆ ತಿರುಗಿಸಿದವರಿಗೆ ಸರ್ಕಾರವು ವಾರ್ಷಿಕ ಬಾಡಿಗೆ ನೀಡತೊಡಗಿದಾಗ ದೇಶಿ ಹುಲ್ಲುಬೀಜಕ್ಕೆ ಬೇಡಿಕೆ ಹೆಚ್ಚಿತು. ಬೇಡಿಕೆ ಬೆಳೆದಂತೆ ಗುಣಮಟ್ಟದ ಲೆಕ್ಕವೂ ಅನಿವಾರ್ಯವಾಗುತ್ತದೆ. ಲೆಕ್ಕ ಸರಳ: ಬೀಜದ ಶುದ್ಧತೆಯ ಶೇಕಡಾವಾರನ್ನು ಮೊಳಕೆಯ ಶೇಕಡಾವಾರಿನಿಂದ ಗುಣಿಸಿ ನೂರರಿಂದ ಭಾಗಿಸಿದರೆ ಶುದ್ಧ ಜೀವಂತ ಬೀಜದ ಪ್ರಮಾಣ ದೊರೆಯುತ್ತದೆ.

ಉದಾಹರಣೆಗಾಗಿ ಎರಡು ಕಾಲ್ಪನಿಕ ಮಾಲುಗಳನ್ನು ಪರಿಗಣಿಸಬಹುದು.

ಮೊದಲ ಮಾಲು: ಕಿಲೊಗೆ ರೂ. 300. ಶುದ್ಧತೆ ಶೇ. 40, ಮೊಳಕೆ ಶೇ. 30. ಜೀವಂತ ಬೀಜ ಶೇ. 12. ಒಂದು ಕಿಲೊ ಜೀವಂತ ಬೀಜಕ್ಕೆ ಬಿದ್ದ ಬೆಲೆ ರೂ. 2,500.

ಎರಡನೆಯ ಮಾಲು: ಕಿಲೊಗೆ ರೂ. 700. ಶುದ್ಧತೆ ಶೇ. 80, ಮೊಳಕೆ ಶೇ. 50. ಜೀವಂತ ಬೀಜ ಶೇ. 40. ಒಂದು ಕಿಲೊ ಜೀವಂತ ಬೀಜಕ್ಕೆ ಬಿದ್ದ ಬೆಲೆ ರೂ. 1,750.

ಎರಡನೆಯ ಮಾಲಿನಲ್ಲಿ ಎಕರೆಗೆ 2 ಕಿಲೊ ಬಿತ್ತಿದರೆ 800 ಗ್ರಾಂ ಜೀವಂತ ಬೀಜ ನೆಲಕ್ಕೆ ಬೀಳುತ್ತದೆ, ಖರ್ಚು ರೂ. 1,400. ಅಷ್ಟೇ ಜೀವಂತ ಬೀಜ ಬೀಳಬೇಕಾದರೆ ಮೊದಲ ಮಾಲಿನಿಂದ ಸುಮಾರು 6 ಕಿಲೊ 670 ಗ್ರಾಂ ಬಿತ್ತಬೇಕು, ಖರ್ಚು ರೂ. 2,000. ಅಗ್ಗವೆಂದು ತಂದ ಬೀಜವನ್ನು ಎಕರೆಗೆ 2 ಕಿಲೊ ಮಾತ್ರ ಬಿತ್ತಿದ ರೈತನ ಹೊಲದಲ್ಲಿ ಹುಲ್ಲು ತೆಳುವಾಗಿ, ಕಳೆ ದಟ್ಟವಾಗಿ ಬರುತ್ತದೆ. ಮರುವರ್ಷ ಆತ ಹುಲ್ಲಿನ ಬೇಸಾಯವನ್ನೇ ಕೈಬಿಡುತ್ತಾನೆ. ಒಬ್ಬ ವ್ಯಾಪಾರಿಯ ಕಳಪೆ ಮಾಲು ಹೀಗೆ ಇಡೀ ತಾಲ್ಲೂಕಿನ ಮಾರುಕಟ್ಟೆಯನ್ನು ಕೆಡಿಸುತ್ತದೆ.

1966ರ ಬೀಜ ಕಾಯ್ದೆಯ ಚೌಕಟ್ಟಿನಲ್ಲಿ ಪ್ರಮಾಣೀಕೃತ ಬೀಜ ಮತ್ತು ನಿಜಚೀಟಿ ಬೀಜ ಎಂಬ ಎರಡು ಬಗೆಗಳು ವ್ಯಾಪಾರಸ್ಥರಿಗೆ ಪರಿಚಿತ. ನಿಜಚೀಟಿ ಬೀಜದ ಚೀಲದ ಮೇಲೆ ನಮೂದಾದ ಶುದ್ಧತೆ ಮತ್ತು ಮೊಳಕೆಯ ಅಂಕಿಗಳನ್ನು ಗುಣಿಸಿ, ಜೀವಂತ ಬೀಜದ ಪ್ರಮಾಣವನ್ನು ಮೂರನೆಯ ಸಾಲಾಗಿ ಮುದ್ರಿಸಲು ಹೆಚ್ಚುವರಿ ಖರ್ಚೇನೂ ಇಲ್ಲ. ಈ ಒಂದು ಸಾಲು ಕೊಳ್ಳುವವನ ನಂಬಿಕೆಯನ್ನು ಗಳಿಸಿಕೊಡುತ್ತದೆ.

ಅಂಜನ್ ಹುಲ್ಲಿನ ವಿಷಯದಲ್ಲಿ ವ್ಯಾಪಾರಿಗೆ ಅನುಕೂಲವಾದ ಎರಡು ಗುಣಗಳಿವೆ. ಅದರ ಬೀಜವು ಬಹುಮಟ್ಟಿಗೆ ತಾಯಿಗಿಡದ ಗುಣವನ್ನೇ ಹೊತ್ತು ಬರುತ್ತದೆ. ಪರಾಗದ ಮೂಲಕ ತಳಿ ಕಲಬೆರಕೆಯಾಗುವ ಭಯ ಕಡಿಮೆಯಿರುವುದರಿಂದ ಕಣದಲ್ಲಿ ಮತ್ತು ಗೋದಾಮಿನಲ್ಲಿ ಬೆರೆಯದಂತೆ ನೋಡಿಕೊಂಡರೆ ಸಾಕು. ಹಾಗೆಯೇ, ಹೊಸದಾಗಿ ಸಂಗ್ರಹಿಸಿದ ಬೀಜಕ್ಕೆ ಸುಪ್ತಾವಸ್ಥೆ ಇದ್ದು, ಕೆಲವು ತಿಂಗಳು ಒಣ ಗೋದಾಮಿನಲ್ಲಿ ಕಳೆದ ನಂತರ ಮೊಳಕೆಯ ಪ್ರಮಾಣ ಸುಧಾರಿಸುತ್ತದೆ. ನವೆಂಬರ್‌ನಲ್ಲಿ ಕೊಂಡು ಜೂನ್‌ನಲ್ಲಿ ಮಾರುವ ವ್ಯಾಪಾರಿಗೆ ದಾಸ್ತಾನಿನ ಅವಧಿಯು ಬಡ್ಡಿಯ ಹೊರೆಯ ಜೊತೆಗೆ ಮಾಲಿನ ಗುಣವನ್ನೂ ಹೆಚ್ಚಿಸುತ್ತದೆ. ನವೆಂಬರ್‌ನ ಮೊಳಕೆ ಪರೀಕ್ಷೆಯನ್ನು ನೋಡಿ ಮಾಲನ್ನು ತಿರಸ್ಕರಿಸದೆ, ಮೇ ತಿಂಗಳಲ್ಲಿ ಮತ್ತೊಮ್ಮೆ ಪರೀಕ್ಷಿಸಿ ಬೆಲೆ ನಿಗದಿಪಡಿಸುವುದು ವಿವೇಕ.

ಸಣ್ಣ ಕೈಗಾರಿಕೆಗಳಿಗೆ ಅವಕಾಶ

ಬೀಜದ ಮೇಲಿನ ನವಿರಾದ ರೋಮ ಮತ್ತು ಊಬುಗಳ ಕಾರಣದಿಂದ ಅದು ಒಂದಕ್ಕೊಂದು ಅಂಟಿಕೊಂಡು ಕೂರಿಗೆಯ ಬಟ್ಟಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಸಾಮಾನ್ಯ ಬಿತ್ತನೆ ಯಂತ್ರಗಳು ಇಲ್ಲಿ ನಿರುಪಯುಕ್ತ. ಅಮೆರಿಕದಲ್ಲಿ ಬೀಜವನ್ನು ಕಲಕುತ್ತಿರುವ ಕಡ್ಡಿಗಳನ್ನೂ, ಹಲ್ಲುಗಳಿಂದ ಹೆಕ್ಕಿ ಕೊಳವೆಗೆ ಬಿಡುವ ಚಕ್ರಗಳನ್ನೂ ಅಳವಡಿಸಿದ ವಿಶೇಷ ಯಂತ್ರಗಳು ಬಂದ ನಂತರವೇ ದೇಶಿ ಹುಲ್ಲಿನ ಬಿತ್ತನೆ ಸುಗಮವಾಯಿತು. ಇಲ್ಲಿಯ ಹಿಡುವಳಿಗಳಿಗೆ ಅಷ್ಟು ದೊಡ್ಡ ಯಂತ್ರ ಬೇಕಿಲ್ಲ. ಸ್ಥಳೀಯ ಕಾರ್ಯಾಗಾರಗಳ ಸಾಮರ್ಥ್ಯಕ್ಕೆ ಒಗ್ಗುವ ಕೆಲವು ಸಾಧನಗಳನ್ನು ಇಲ್ಲಿ ಹೆಸರಿಸಬಹುದು:

1. ಬೀಜದ ಊಬು ಬಿಡಿಸಿ ಜೊಳ್ಳನ್ನು ಗಾಳಿಯಿಂದ ಬೇರ್ಪಡಿಸುವ ಸಣ್ಣ ಯಂತ್ರ ಮತ್ತು ಅದಕ್ಕೆ ತಕ್ಕ ಜರಡಿಗಳು.

2. ಬೀಜ, ಜೇಡಿಮಣ್ಣು, ಸಗಣಿ ಮತ್ತು ಮರಳನ್ನು ಬೆರೆಸಿ ಗುಳಿಗೆ ಕಟ್ಟುವ ತಿರುಗು ಪೀಪಾಯಿ. ಗುಳಿಗೆಯಾದ ಬೀಜ ಗಾಳಿಗೆ ಹಾರುವುದಿಲ್ಲ, ಇರುವೆಗಳಿಗೆ ಸುಲಭವಾಗಿ ಸಿಗುವುದಿಲ್ಲ, ಕೈಯಿಂದಲೂ ಸಮನಾಗಿ ಚೆಲ್ಲಬಹುದು.

3. ಎತ್ತು ಅಥವಾ ಸಣ್ಣ ಟ್ರ್ಯಾಕ್ಟರಿಗೆ ಹೊಂದುವ, ಬಟ್ಟಲಿನೊಳಗೆ ಕಲಕುವ ಕಡ್ಡಿಯಿರುವ ಕೂರಿಗೆ.

4. ಕೂಳೆಯ ಎತ್ತರವನ್ನು ನಿಗದಿಪಡಿಸಬಹುದಾದ ಹುಲ್ಲು ಕೊಯ್ಯುವ ಯಂತ್ರ, ಹಾಗೂ ಒಣ ಹುಲ್ಲನ್ನು ಒತ್ತಿ ಪೆಂಡಿ ಕಟ್ಟುವ ಯಂತ್ರ. ಸಡಿಲ ಹುಲ್ಲನ್ನು ಸಾಗಿಸುವಾಗ ಲಾರಿಯು ತೂಕಕ್ಕೆ ಮೊದಲೇ ಗಾತ್ರದಿಂದ ತುಂಬಿಹೋಗುವುದರಿಂದ, ಒತ್ತಿದ ಪೆಂಡಿಯಲ್ಲಿ ಸಾಗಾಟದ ವೆಚ್ಚ ಗಣನೀಯವಾಗಿ ತಗ್ಗುತ್ತದೆ.

ರಾಷ್ಟ್ರೀಯ ಜಾನುವಾರು ಅಭಿಯಾನಕ್ಕೆ ಕೇಂದ್ರ ಸಚಿವ ಸಂಪುಟವು 2024ರ ಫೆಬ್ರವರಿಯಲ್ಲಿ ಒಪ್ಪಿದ ತಿದ್ದುಪಡಿಯ ಪ್ರಕಾರ, ಮೇವಿನ ಬೀಜ ಸಂಸ್ಕರಣೆ ಮತ್ತು ವಿಂಗಡಣಾ ಘಟಕಗಳಿಗೂ ದಾಸ್ತಾನು ಗೋದಾಮುಗಳಿಗೂ ಖಾಸಗಿ ಕಂಪನಿಗಳು, ನವೋದ್ಯಮಗಳು, ಸ್ವಸಹಾಯ ಗುಂಪುಗಳು ಹಾಗೂ ರೈತ ಉತ್ಪಾದಕ ಸಂಸ್ಥೆಗಳಿಗೆ ಬಂಡವಾಳದ ಶೇ. 50ರಷ್ಟು, ಗರಿಷ್ಠ ರೂ. 50 ಲಕ್ಷದವರೆಗೆ ಸಹಾಯಧನ ನೀಡಲು ಅವಕಾಶ ಕಲ್ಪಿಸಲಾಯಿತು. ಅರ್ಜಿ ಸಲ್ಲಿಸುವ ಮುನ್ನ ಪಶುಸಂಗೋಪನಾ ಇಲಾಖೆಯಲ್ಲಿ ಚಾಲ್ತಿ ನಿಯಮಗಳನ್ನು ವಿಚಾರಿಸಿಕೊಳ್ಳುವುದು ಒಳಿತು. ತಳಿ ಆಯ್ಕೆ ಮತ್ತು ಮೂಲಬೀಜದ ಕುರಿತ ಮಾರ್ಗದರ್ಶನಕ್ಕೆ ಝಾನ್ಸಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವು ಧಾರವಾಡದಲ್ಲಿಯೇ ಇದೆ.

ವಹಿಸಬೇಕಾದ ಎಚ್ಚರಿಕೆಗಳು

ದೇಶಿ ಎಂಬ ಮಾತಿಗೆ ಇಲ್ಲಿ ಖಚಿತವಾದ ಅರ್ಥವಿದೆ. ಭಾರತದ ಒಣನಾಡಿಗೆ ಸಹಜವಾದ ಅಂಜನ್ ಹುಲ್ಲನ್ನು ಮೇವಿಗಾಗಿ ಅಮೆರಿಕದ ಅರಿಜೋನಾಕ್ಕೆ ಒಯ್ದಾಗ ಅದು ಅಲ್ಲಿಯ ಮರುಭೂಮಿಯಲ್ಲಿ ಮಿತಿಮೀರಿ ಹಬ್ಬಿ, ಬೆಂಕಿಗೆ ಉರುವಲಾಗಿ, ಬೆಂಕಿಯ ರೂಢಿಯಿಲ್ಲದ ಕಳ್ಳಿಗಿಡಗಳ ನಾಶಕ್ಕೆ ಕಾರಣವಾಗುತ್ತಿದೆ. ಒಂದೆಡೆ ಸಂಪತ್ತಾದದ್ದು ಮತ್ತೊಂದೆಡೆ ಪಿಡುಗಾಗಬಲ್ಲದು. ಇದೇ ಕಾರಣದಿಂದ ಹೊರನಾಡಿನ ಹುಲ್ಲುಗಳನ್ನು ಇಲ್ಲಿಯ ಬಯಲುಗಳಿಗೆ ಬಿಡುವಾಗಲೂ ಜಾಗರೂಕತೆ ಅಗತ್ಯ.

ಈಗಾಗಲೇ ಹಲವು ಜಾತಿಯ ಹುಲ್ಲುಗಳಿಂದ ಕೂಡಿರುವ ಹಳೆಯ ಕಾವಲನ್ನು ಉತ್ತು, ಒಂದೇ ತಳಿಯನ್ನು ಬಿತ್ತುವುದು ಸರ್ವಥಾ ಸಲ್ಲದು. ಬೀಜೋತ್ಪಾದನೆಗೆ ತಕ್ಕ ಜಾಗಗಳೆಂದರೆ ಪಾಳುಬಿದ್ದ ಹೊಲ, ಬದು, ತೋಟಗಳ ಸಾಲುನಡು ಹಾಗೂ ಕಳೆಗಿಡ ತೆಗೆದ ಗೋಮಾಳ. ಕಾವಲು ಮತ್ತು ಅರಣ್ಯಭೂಮಿಯಿಂದ ಅನುಮತಿಯಿಲ್ಲದೆ ಬೀಜ ಸಂಗ್ರಹಿಸುವುದು ಕಾನೂನಿನ ತೊಡಕಿಗೆ ಗುರಿಮಾಡುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯ ಅಗತ್ಯಗಳನ್ನೂ ವ್ಯಾಪಾರಸ್ಥರು ಮುಂಚಿತವಾಗಿ ತಿಳಿದುಕೊಳ್ಳಬೇಕು. ಎಲ್ಲ ಬೀಜವನ್ನೂ ಬಾಚಿಕೊಂಡರೆ ಮರುವರ್ಷ ಸಂಗ್ರಹಿಸಲು ಏನೂ ಉಳಿಯುವುದಿಲ್ಲವೆಂಬುದು ವ್ಯಾಪಾರದ ದೃಷ್ಟಿಯಿಂದಲೂ ನೆನಪಿಡಬೇಕಾದ ಮಾತು.

ನೀರಾವರಿಯ ನೇಪಿಯರ್‌ನೊಂದಿಗೆ ಇಳುವರಿಯಲ್ಲಿ ದೇಶಿ ಹುಲ್ಲು ಪೈಪೋಟಿ ಮಾಡಲಾರದು, ಮಾಡಬೇಕಾಗಿಯೂ ಇಲ್ಲ. ನೀರಿರುವಲ್ಲಿ ಹಸಿ ಮೇವು, ನೀರಿಲ್ಲದಲ್ಲಿ ದೇಶಿ ಹುಲ್ಲಿನ ಒಣ ಮೇವು ಎಂಬ ಹೊಂದಾಣಿಕೆಯೇ ಹೈನುಗಾರಿಕೆಗೆ ಹಿತಕರ.

ಸಾರಾಂಶ

ಹುಲ್ಲಿನ ವ್ಯವಹಾರಕ್ಕೆ ಕಾಲಿಡುವವರು ಗಮನಿಸಬೇಕಾದ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು: ಬೀಜವನ್ನು ಜೀವಂತ ಬೀಜದ ಪ್ರಮಾಣದ ಮೇಲೆ ಕೊಂಡು ಮಾರುವುದು, ಮೇವಿನ ಪೆಂಡಿಗೆ ಕೊಯ್ಲಿನ ತಿಂಗಳನ್ನು ನಮೂದಿಸುವುದು, ಮೊದಲ ವರ್ಷ ಲಾಭವನ್ನು ನಿರೀಕ್ಷಿಸದಿರುವುದು, ಹೊಲದ ಒಂದು ಭಾಗವನ್ನು ಬೀಜಕ್ಕೂ ಹಕ್ಕಿಗಳಿಗೂ ಬಿಡುವಂತೆ ರೈತರೊಡನೆ ಕರಾರು ಮಾಡಿಕೊಳ್ಳುವುದು, ಹಳೆಯ ಕಾವಲುಗಳನ್ನು ಉಳದಿರುವುದು.

ಜಿಲ್ಲಾ ಮಟ್ಟದ ವಾಣಿಜ್ಯ ಸಂಸ್ಥೆಗಳು ತಮ್ಮ ವ್ಯಾಪ್ತಿಯ ಬೀಜ ವ್ಯಾಪಾರಿಗಳು, ಯಂತ್ರ ತಯಾರಕರು, ಹಾಲು ಒಕ್ಕೂಟಗಳು ಮತ್ತು ರೈತ ಉತ್ಪಾದಕ ಸಂಸ್ಥೆಗಳನ್ನು ಒಂದೆಡೆ ಕೂಡಿಸಿ, ಮುಂದಿನ ಹಂಗಾಮಿಗೆ ಬೇಕಾಗುವ ಬೀಜದ ಪ್ರಮಾಣವನ್ನು ಅಂದಾಜು ಮಾಡಿದರೆ ಅದೇ ಉತ್ತಮ ಆರಂಭ. ಅಕ್ಟೋಬರ್‌ನಲ್ಲಿ ಬೀಜ ಬಲಿಯುವ ಮೊದಲೇ ಖರೀದಿಯ ಭರವಸೆ ದೊರೆತಲ್ಲಿ, ಬಯಲುಸೀಮೆಯ ರೈತನು ಹೊಲದ ಒಂದು ಪಟ್ಟಿಯನ್ನು ಕೊಯ್ಯದೆ ಉಳಿಸಲು ಹಿಂಜರಿಯಲಾರನು.